ಟೊಮೆಟೊ ಎಲೆ ಸಣ್ಣಗಾಗಿ ತಿರುಚ್ಕೊಂಡಿದೆ, ಔಷಧಿಯಿಂದ ಗಿಡದ ಜೀನೇ ಕೆಟ್ಟೋಯ್ತಾ?

ಮಾಲೂರು_ಟೊಮೆಟೊ
ಎಲ್ರಿಗೂ ನಮಸ್ಕಾರ. ಮಾಲೂರು ತಾಲ್ಲೂಕು ನಮ್ಮದು, ಮುಕ್ಕಾಲು ಎಕರೆಗೆ ಟೊಮೆಟೊ ಹಾಕಿದೀವಿ, ನಾಟಿ ಮಾಡಿ ತಿಂಗಳ ಮೇಲಾಯ್ತು, ಈಗ ಹೂ ಕಟ್ಟೋ ಟೈಮು. ಹೋದ ವಾರದಿಂದ ಸುಳಿ ಎಲೆಗಳೆಲ್ಲಾ ಅಗಲ ಆಗ್ದೇನೇ ಸಣ್ಣಗೆ ಉದ್ದಕ್ಕೆ ಬರ್ತಿದಾವೆ, ನರ ಒತ್ತೊತ್ತಾಗಿ ಎದ್ದು ಕಾಣ್ತವೆ, ಕಾಂಡ ಒಂದು ಕಡೆಗೆ ತಿರುಚ್ಕೊಂಡಿದೆ. ಅಂಗಮಾರಿಗೆ ಅಂತ ಕಾರ್ಬೆಂಡಜಿಮ್ ಮ್ಯಾಂಕೋಜೆಬ್ ಮಿಕ್ಸು, ಬಿಳಿ ನೊಣಕ್ಕೆ ಇಮಿಡಾಕ್ಲೋಪ್ರಿಡ್, ಜೊತೆಗೆ ಅಂಗಡಿಯವ್ರು ಕೊಟ್ಟ ಯಾವುದೋ ಟಾನಿಕ್ಕು, ಎಲ್ಲಾ ಒಂದೇ ಡ್ರಮ್ಮಲ್ಲಿ ಕಲಸಿ ಹೊಡ್ದಿದ್ವಿ. ಈಗ ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಔಷಧಿ ಜಾಸ್ತಿ ಆದ್ರೆ ಗಿಡದ ಜೀನ್ ಒಡೆದೋಗುತ್ತೆ, ಎಲೆ ಆಕಾರ ಕೆಡೋದೇ ಅದರ ಗುರುತು, ಆ ಹಣ್ಣು ತಿಂದೋರ ಜೀನೂ ಕೆಡುತ್ತೆ, ಬೀಜ ಇಟ್ರೆ ಮುಂದಿನ ಬೆಳೆನೂ ಹಂಗೇ ಬರುತ್ತೆ ಅಂತ. ನಮ್ಮಪ್ಪ ಅದನ್ನ ಓದಿ ಎಲ್ಲಾ ಕಿತ್ತಾಕ್ಬಿಡೋಣ ಅಂತಾವ್ರೆ. ಕೀಳೋದಾ ಬಿಡೋದಾ? ನಿಜವಾಗ್ಲೂ ಔಷಧಿಯಿಂದ ಗಿಡದ ಜೀನ್ ಕೆಡುತ್ತಾ? ಗೊತ್ತಿರೋರು ಹೇಳಿ.

ಔಷಧಿ_ಅಂಗಡಿ_ಚಿಂತಾಮಣಿ
ಇದು ಎಲೆ ಮುದುಡು ವೈರಸ್ಸು, ಬಿಳಿ ನೊಣದಿಂದ ಬರೋದು. ಜೀನು ಗೀನು ಏನಿಲ್ಲ. ಬಿಳಿ ನೊಣಕ್ಕೆ ಬೇರೆ ಗುಂಪಿನ ಔಷಧಿ ಹೊಡೀರಿ, ಹಳದಿ ಅಂಟಿನ ಹಾಳೆ ಕಟ್ಟಿ.

ವಡ್ಡಹಳ್ಳಿ_ಬಾಕ್ಸ್
ಫೋಟೋ ನೋಡ್ದೇ ವೈರಸ್ ಅಂದ್ಬಿಟ್ರಲ್ಲ ಸಾರ್ 😄 ಮುದುಡು ರೋಗ ಬಂದ್ರೆ ಎಲೆ ಮೇಲಕ್ಕೆ ಬಟ್ಟಲಾಗಿ ಮಡಚ್ಕೊಳುತ್ತೆ, ಹಳದಿ ಬರುತ್ತೆ, ಗಿಡ ಗಿಡ್ಡ ಆಗುತ್ತೆ, ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಶುರುವಾಗಿ ದಿನಾ ಜಾಸ್ತಿ ಆಗ್ತಾ ಹೋಗುತ್ತೆ. ಮಾಲೂರು ಅಣ್ಣ ಹೇಳ್ತಿರೋದು ಹಂಗಿಲ್ಲ, ನರ ಒತ್ತೊತ್ತಾಗಿ, ಕಾಂಡ ತಿರುಚ್ಕೊಂಡು ಅಂತಾವ್ರೆ. ಅಣ್ಣ, ಕೀಳ್ಬೇಡಿ, ಆತುರ ಬೇಡ. ಎಲೆ ಅಡಿ ತಿರುಗಿಸಿ ಬಿಳಿ ನೊಣ ಐತಾ ನೋಡಿ. ಒಂದೇ ಸಲಕ್ಕೆ ಎಲ್ಲಾ ಗಿಡಕ್ಕೂ ಬಂತಾ, ಇಲ್ಲ ಒಂದು ಕಡೆಯಿಂದ ಬಂತಾ? ಪಕ್ಕದ ಹೊಲದಲ್ಲಿ ಏನಿದೆ?

ಮಾಲೂರು_ಟೊಮೆಟೊ
ಬಿಳಿ ನೊಣ ಅಷ್ಟೊಂದಿಲ್ಲ. ಪಡುವಣ ಬದಿನ ಸಾಲುಗಳಲ್ಲಿ ಜಾಸ್ತಿ, ಮೂಡಲ ಕಡೆ ಕಮ್ಮಿ. ಪಕ್ಕದಲ್ಲಿ ನಮ್ಮ ಚಿಕ್ಕಪ್ಪನ ರಾಗಿ ಹೊಲ.

ದ್ರಾಕ್ಷಿ_ತೋಟ_ಚಿಕ್ಕಬಳ್ಳಾಪುರ
ಪಡುವಣ ಬದಿ, ಆಷಾಢದ ಗಾಳಿ, ಪಕ್ಕದಲ್ಲಿ ರಾಗಿ. ಇನ್ನೇನು ಬೇಕು! ರಾಗಿಗೆ ಕಳೆ ಔಷಧಿ ಹೊಡ್ದಿದಾರೆ ನೋಡಿ, ಟೂಫೋರ್‌ಡಿ. ನಮ್ಮ ದ್ರಾಕ್ಷಿಗೆ ಇದೇ ಆಗಿತ್ತು, ಎರಡು ಹೊಲ ಆಚೆ ಯಾರೋ ಹೊಡ್ದಿದ್ದು ಗಾಳೀಲಿ ಬಂದು ನಮ್ಮ ಚಿಗುರು ಎಲ್ಲಾ ಬೀಸಣಿಗೆ ಆಕಾರಕ್ಕೆ ಬಂದ್ಬಿಡ್ತು, ಅಂಚು ಗರಗಸ, ನರ ಎಲ್ಲಾ ಒಂದೇ ಕಡೆ ಒತ್ಕೊಂಡು. ದ್ರಾಕ್ಷಿ, ಟೊಮೆಟೊ, ಹತ್ತಿ ಈ ಮೂರಕ್ಕೂ ಟೂಫೋರ್‌ಡಿ ವಾಸನೆ ಸೋಕಿದ್ರೂ ಸಾಕು.

ಲ್ಯಾಬ್_ಹುಡುಗ_ಜಿಕೆವಿಕೆ
ದ್ರಾಕ್ಷಿ ಸಾರ್ ಕರೆಕ್ಟ್. 2,4-ಡಿ ಅನ್ನೋದು ಗಿಡದ್ದೇ ಆದ ಆಕ್ಸಿನ್ ಅನ್ನೋ ಬೆಳವಣಿಗೆ ಹಾರ್ಮೋನಿನ ನಕಲು. ಗಿಡ ಅದನ್ನ ತನ್ನ ಹಾರ್ಮೋನು ಅಂತ ತಿಳ್ಕೊಂಡು ಅಡ್ಡಾದಿಡ್ಡಿ ಬೆಳೆಯುತ್ತೆ, ಕಾಂಡ ತಿರುಚೋದು ಎಲೆ ಪಟ್ಟಿ ಆಗೋದು ಅದಕ್ಕೇ. ರಾಗಿ ಹುಲ್ಲಿನ ಜಾತಿ, ಅದು ತಡ್ಕೊಳುತ್ತೆ, ಅಗಲ ಎಲೆ ಗಿಡಕ್ಕೆ ತಡ್ಕೊಳೋಕಾಗಲ್ಲ. ಇಲ್ಲಿ ಜೀನ್ ಒಡೆದಿಲ್ಲ, ಇರೋ ಜೀನುಗಳು ತಪ್ಪು ಟೈಮಲ್ಲಿ ಕೆಲಸ ಶುರು ಮಾಡ್ಕೊಂಡಿವೆ ಅಷ್ಟೇ. ಸೋಕಿರೋದು ಕಮ್ಮಿ ಇದ್ರೆ ಹೊಸ ಚಿಗುರು ನೆಟ್ಟಗೆ ಬರುತ್ತೆ. ಜೀನ್ ಕೆಟ್ಟಿದ್ರೆ ಚಿಗುರು ಹಂಗೆ ಸರಿಯಾಗಿ ವಾಪಸ್ ಬರ್ತಿರ್ಲಿಲ್ಲ. ಅಂದಹಾಗೆ ಈಥೈಲ್ ಎಸ್ಟರ್ ಇರೋ ದ್ರವ ಹೊಡ್ದಿದ್ರೆ ಅದು ಬಿಸಿಲಿಗೆ ಆವಿಯಾಗಿನೂ ಹಾರುತ್ತೆ, ಸೋಡಿಯಂ ಉಪ್ಪಿನ ಪುಡಿ ಅಷ್ಟು ಹಾರಲ್ಲ. ಚಿಕ್ಕಪ್ಪನ ಕೇಳಿ ಯಾವುದು ತಂದಿದ್ರು ಅಂತ.

ಮಾಲೂರು_ಟೊಮೆಟೊ
ಚಿಕ್ಕಪ್ಪನ ಕೇಳೋದು ಅಂದ್ರೆ ಬದಿನ ಹಳೇ ಜಗಳ ಮತ್ತೆ ತೆಗ್ದಂಗೆ. ನೋಡ್ತೀನಿ.

ಸಾವಯವ_ಗುಬ್ಬಿ
ಟೂಫೋರ್‌ಡಿ ಇರ್ಬಹುದು, ಒಪ್ತೀನಿ, ಆದ್ರೆ ವಾಟ್ಸಾಪ್ ಮೆಸೇಜ್ ಪೂರ್ತಿ ಸುಳ್ಳು ಅಂತ ಯಾಕೆ ತಳ್ಳಾಕ್ತೀರ? ರಾಸಾಯನಿಕ ಜೀವಕೋಶದ ಕ್ರೋಮೋಸೋಮ್, ಅಂದ್ರೆ ಜೀನುಗಳನ್ನ ಹೊತ್ತಿರೋ ಎಳೆ, ಒಡೆಯುತ್ತೆ ಅಂತ ಕಾಲೇಜಲ್ಲೇ ತೋರಿಸ್ತಾರೆ. ನಾವು ಮಣ್ಣಿಗೆ ಸುರಿಯೋದನ್ನೆಲ್ಲಾ ಬೇರು ಕುಡಿಯುತ್ತೆ ಸ್ವಾಮಿ.

ಬಾಟನಿ_ಮೇಡಂ_ಕೋಲಾರ
ಗುಬ್ಬಿಯವರು ಹೇಳಿದ್ದರಲ್ಲಿ ಒಂದು ಭಾಗ ನಿಜ, ನಾನೇ ಕಾಲೇಜಲ್ಲಿ ಅದನ್ನ ತೋರಿಸೋಳು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ದಾಟಿ ಹೋಗಿ.

ಈರುಳ್ಳಿ ತಗೊಂಡು ಅದರ ಒಣಗಿದ ಹಳೇ ಬೇರು ಕೆರೆದು, ಬುಡ ಮಾತ್ರ ನೀರಿಗೆ ತಾಗೋ ಹಾಗೆ ಟೆಸ್ಟ್ ಟ್ಯೂಬ್ ಮೇಲೆ ಕೂರಿಸ್ತೀವಿ. ಎರಡು ಮೂರು ದಿನಕ್ಕೆ ಬೆಳ್ಳಗೆ ಬೇರು ಇಳಿಯುತ್ತೆ. ಕೆಲವನ್ನ ಬರೀ ನೀರಲ್ಲೇ ಬಿಡೋದು, ಕೆಲವನ್ನ ಔಷಧಿ ಬೆರೆಸಿದ ನೀರಿಗೆ ಹಾಕೋದು. ಆಮೇಲೆ ಬೇರಿನ ತುದಿ ಒಂದೆರಡು ಮಿಲಿಮೀಟರ್ ಕತ್ತರಿಸಿ ಆಲ್ಕೋಹಾಲು ಅಸಿಟಿಕ್ ಆಸಿಡ್ ಮಿಶ್ರಣದಲ್ಲಿ ಇಟ್ಟು, ಬೆಚ್ಚಗಿನ ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ ಮೆತ್ತಗೆ ಮಾಡಿ, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದ್ರೆ ಜೀವಕೋಶ ಎಲ್ಲಾ ಒಂದೇ ಪದರಕ್ಕೆ ಹರಡ್ಕೊಳುತ್ತೆ. ಈರುಳ್ಳಿದೇ ಯಾಕೆ ಅಂದ್ರೆ ಅದರಲ್ಲಿ ಕ್ರೋಮೋಸೋಮು 16 ಮಾತ್ರ, ಅವೂ ದಪ್ಪ ದಪ್ಪ, ಕಾಲೇಜಿನ ಹಳೇ ಮೈಕ್ರೋಸ್ಕೋಪಲ್ಲೂ ಕಾಣುತ್ತೆ. ಟೊಮೆಟೊದಲ್ಲಿ 24, ರಾಗಿಯಲ್ಲಿ 36, ಎರಡೂ ಸಣ್ಣವು, ಕಣ್ಣು ನೋವು ಬರುತ್ತೆ. 1938ರಲ್ಲಿ ಸ್ವೀಡನ್ನಿನ ಲೆವಾನ್ ಅನ್ನೋರು ಕಾಲ್ಚಿಸಿನ್ ಅನ್ನೋ ರಾಸಾಯನಿಕದ ಪರಿಣಾಮ ನೋಡೋಕೆ ಇದನ್ನ ಬಳಸಿದ್ದು, 1985ರಲ್ಲಿ ಅದೇ ದೇಶದ ಫಿಸ್ಕೆಶೋ ಅನ್ನೋರು ನೀರು ಮಾಲಿನ್ಯ ಪರೀಕ್ಷೆಗೆ ಇದನ್ನೇ ಮಾದರಿ ಮಾಡಿ ಅಂದ್ರು. ಆವತ್ತಿಂದ ಪ್ರಪಂಚದ ಎಲ್ಲಾ ಕಡೆ ಕೀಟನಾಶಕ ಶಿಲೀಂಧ್ರನಾಶಕ ಎಲ್ಲಾ ಈರುಳ್ಳಿ ಬೇರಿಗೆ ಹಾಕಿ ನೋಡಿದಾರೆ.

ಏನು ಕಾಣುತ್ತೆ ಅಂದ್ರೆ, ಕೋಶ ಎರಡಾಗೋವಾಗ ಕ್ರೋಮೋಸೋಮುಗಳು ಅರ್ಧರ್ಧ ಆಚೆ ಈಚೆ ತುದಿಗೆ ಹೋಗ್ಬೇಕು. ಔಷಧಿ ನೀರಲ್ಲಿದ್ದ ಬೇರಲ್ಲಿ ಒಂದು ತುಂಡು ಮಧ್ಯದಲ್ಲೇ ಉಳಿದಿರುತ್ತೆ, ಇಲ್ಲ ಎರಡು ಗುಂಪಿನ ನಡುವೆ ಸೇತುವೆ ಕಟ್ಕೊಂಡು ಎಳೆದಾಡ್ತಾ ಇರುತ್ತೆ, ಇಲ್ಲ ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಮುದ್ದೆಯಾಗಿರುತ್ತೆ. ಮುಂದಿನ ಹಂತದಲ್ಲಿ ಆ ಉಳಿದ ತುಂಡು ದೊಡ್ಡ ಕೋಶಕೇಂದ್ರದ ಪಕ್ಕ ಪುಟಾಣಿ ಚುಕ್ಕೆಯಾಗಿ ಕೂತಿರುತ್ತೆ, ಅದನ್ನ ಮೈಕ್ರೋನ್ಯೂಕ್ಲಿಯಸ್ ಅಂತೀವಿ. ಮಕ್ಕಳು ಮೊದಲ ಸಲ ಅದನ್ನ ಹುಡುಕಿದಾಗ ಕ್ಲಾಸಲ್ಲಿ ಗಲಾಟೆಯೋ ಗಲಾಟೆ. ಪೆಂಡಿಮೆಥಲಿನ್ ಅನ್ನೋ ಕಳೆನಾಶಕ ಹಾಕಿದ ಬೇರಂತೂ ಮೈಕ್ರೋಸ್ಕೋಪೇ ಬೇಡ, ಬೇರು ಗಿಡ್ಡ ಆಗಿ ತುದಿ ಗುಂಡಗೆ ಊದ್ಕೊಂಡಿರುತ್ತೆ.

ಅಂದ್ರೆ ಗಿಡದ ಕೋಶಕ್ಕೆ ಆನುವಂಶಿಕ ಪೆಟ್ಟು ಬೀಳೋದು ನಿಜ. ಆದ್ರೆ ಅದು ಕಾಣೋದು ಬೇರಿನ ತುದಿಯ ಒಳಗೆ. ಸುಳಿ ಎಲೆ ತಿರುಚಿದ್ದು ನೋಡಿ ಜೀನ್ ಕೆಟ್ಟಿದೆ ಅನ್ನೋಕೆ ಬರಲ್ಲ.

ಹಳೇ_ರಾಗಿ
ಮೇಡಮ್ಮೋರೇ, ಈರುಳ್ಳಿಗೆ ನಾಟಿ ಮಾಡಿದ ಮೇಲೆ ಪೆಂಡಿಮೆಥಲಿನ್ ಹೊಡೀರಿ ಕಳೆ ಬರಲ್ಲ ಅಂತ ಹೇಳೋರೂ ನೀವೇ ಓದಿದೋರು, ಈರುಳ್ಳಿ ಬೇರು ಊದ್ಕೊಳುತ್ತೆ ಅನ್ನೋರೂ ನೀವೇ. ನಾವು ಯಾರ ಮಾತು ಕೇಳಾಣ?

ಲ್ಯಾಬ್_ಹುಡುಗ_ಜಿಕೆವಿಕೆ
ತಾತ, ಒಳ್ಳೇ ಪ್ರಶ್ನೆ 🙏 ಅಲ್ಲೇ ಇರೋದು ವಿಷಯ. ಪೆಂಡಿಮೆಥಲಿನ್ ಮಣ್ಣಿನ ಮೇಲ್ಪದರಕ್ಕೆ ಗಟ್ಟಿಯಾಗಿ ಅಂಟ್ಕೊಳುತ್ತೆ, ಕೆಳಗೆ ಇಳಿಯೋದು ಬಹಳ ಕಮ್ಮಿ. ಕಳೆ ಬೀಜ ಆ ಮೇಲ್ಪದರದಲ್ಲೇ ಮೊಳಕೆ ಒಡೆಯೋದರಿಂದ ಅದರ ಬೇರಿಗೆ ಪೆಟ್ಟು, ನಾಟಿ ಮಾಡಿದ ಈರುಳ್ಳಿ ಬೇರು ಕೆಳಗಿರುತ್ತೆ. ಲ್ಯಾಬಲ್ಲಿ ಬೇರು ದಿನಗಟ್ಟಲೆ ಆ ನೀರಲ್ಲೇ ನೆನೀತಾ ಇರುತ್ತೆ, ಹೊಲದಲ್ಲಿ ಹಂಗಲ್ಲ. ಆದ್ರೆ ಮರಳು ಮಣ್ಣು, ಡೋಸು ಡಬಲ್, ಹೊಡೆದ ಮಾರನೇ ದಿನ ಜೋರು ಮಳೆ, ಈ ಮೂರೂ ಸೇರಿದ್ರೆ ಬೆಳೆ ಬೇರಿಗೂ ತಾಗುತ್ತೆ. ಕಿತ್ತು ನೋಡಿದ್ರೆ ಬೇರಿನ ತುದಿ ಊದಿರುತ್ತೆ.

ಕೆಲಸ ಮಾಡೋ ರೀತಿನೂ ಹೇಳ್ತೀನಿ. ಕ್ರೋಮೋಸೋಮನ್ನ ಎರಡು ಕಡೆಗೆ ಎಳೆಯೋಕೆ ಕೋಶದೊಳಗೆ ಸಣ್ಣ ಎಳೆಗಳು ತಯಾರಾಗ್ತವೆ, ಟ್ಯೂಬುಲಿನ್ ಅನ್ನೋ ಪ್ರೋಟೀನಿಂದ. ಪೆಂಡಿಮೆಥಲಿನ್ ಆ ಟ್ಯೂಬುಲಿನ್ನಿಗೆ ಅಂಟ್ಕೊಂಡು ಎಳೆ ಕಟ್ಟೋಕೇ ಬಿಡಲ್ಲ. ತೇರು ಸಿಂಗಾರ ಆಗಿ ನಿಂತಿದೆ, ಎಳೆಯೋಕೆ ಹಗ್ಗ ಇಲ್ಲ. ಕ್ರೋಮೋಸೋಮು ಡಬಲ್ ಆಗಿರುತ್ತೆ, ಆದ್ರೆ ಕೋಶ ಎರಡಾಗಲ್ಲ, 16 ಇರ್ಬೇಕಾದ ಕಡೆ 32 ಉಳ್ಕೊಳುತ್ತೆ. ಕಾಲ್ಚಿಸಿನ್ ಮಾಡೋದೂ ಇದನ್ನೇ. ಕಾರ್ಬೆಂಡಜಿಮ್ಮೂ ಟ್ಯೂಬುಲಿನ್ ಹಿಡಿಯೋದೇ, ಅದಕ್ಕೆ ಬೇಕಾಗಿರೋದು ಶಿಲೀಂಧ್ರದ ಟ್ಯೂಬುಲಿನ್ನು, ಗಿಡದ್ದಕ್ಕೆ ಅಷ್ಟು ಅಂಟಲ್ಲ, ಆದ್ರೆ ಡೋಸು ಏರಿಸ್ತಾ ಹೋದ್ರೆ ಈರುಳ್ಳಿ ಬೇರಲ್ಲೂ ವ್ಯತ್ಯಾಸ ಕಾಣುತ್ತೆ. ಇವು ಡಿಎನ್‌ಎ ಕತ್ತರಿಸೋವು ಅಲ್ಲ, ಲೆಕ್ಕ ತಪ್ಪಿಸೋವು. ನೇರವಾಗಿ ಕ್ರೋಮೋಸೋಮ್ ಮುರಿಯೋದಕ್ಕೆ ಹೆಸರಾಗಿರೋದು ಮ್ಯಾಲಿಕ್ ಹೈಡ್ರಜೈಡ್, ಹೊರದೇಶಗಳಲ್ಲಿ ಈರುಳ್ಳಿ ಆಲೂಗಡ್ಡೆ ಮೊಳಕೆ ಬರ್ದಂಗೆ ಹೊಡೀತಾರಲ್ಲ ಅದು. 1951ರಲ್ಲೇ ಡಾರ್ಲಿಂಗ್ಟನ್ ಮತ್ತೆ ಮೆಕ್‌ಲೀಶ್ ಅದನ್ನ ತೋರಿಸಿದ್ರು.

ಸಾವಯವ_ಗುಬ್ಬಿ
ನೋಡಿದ್ರಾ, ನಾನು ಹೇಳಿದ್ದೇ ಬಂತು. ಅದಕ್ಕೇ ಜೀವಾಮೃತ, ಬೋರ್ಡೋ ದ್ರಾವಣ ಇಷ್ಟರಲ್ಲೇ ಮುಗಿಸಿ ಅಂತ ಬಡ್ಕೊಳೋದು.

ಬಾಟನಿ_ಮೇಡಂ_ಕೋಲಾರ
ಸಾವಯವದ ಬಗ್ಗೆ ನಂಗೆ ತಕರಾರಿಲ್ಲ, ಆದ್ರೆ ಬೋರ್ಡೋ ಅಂದ್ರೆ ಮೈಲುತುತ್ತ ಮತ್ತೆ ಸುಣ್ಣ. ಆ ಮೈಲುತುತ್ತನ ಈರುಳ್ಳಿ ಬೇರಿಗೆ ಹಾಕಿ ನೋಡಿ, ಬೇರು ಅಲ್ಲೇ ನಿಲ್ಲುತ್ತೆ. ತಾಮ್ರ, ಸೀಸ, ಕ್ಯಾಡ್ಮಿಯಂ ಎಲ್ಲಕ್ಕೂ ಈ ಬೇರು ಹೆದರುತ್ತೆ. ಇನ್ನು ಈ ಕಥೆಲಿ ಹೀರೋ ಆಗಿರೋ ಕಾಲ್ಚಿಸಿನ್ ಯಾವ ಫ್ಯಾಕ್ಟರಿಲೂ ಹುಟ್ಟಿದ್ದಲ್ಲ, ನಮ್ಮ ಬೇಲಿಲಿ ಕೆಂಪು ಹಳದಿ ಹೂ ಬಿಡೋ ಅಗ್ನಿಶಿಖೆ ಬಳ್ಳಿ ಗೆಡ್ಡೆ, ಬೀಜದಲ್ಲೇ ಇದೆ. ಎಲ್ಲಿಂದ ಬಂತು ಅನ್ನೋದಕ್ಕಿಂತ ಎಷ್ಟು, ಎಷ್ಟೊತ್ತು, ಯಾವ ಕೋಶಕ್ಕೆ ಅನ್ನೋದು ಕೇಳ್ಬೇಕು.

ರೇಷ್ಮೆ_ಶಿಡ್ಲಘಟ್ಟ
ಕಾಲ್ಚಿಸಿನ್ ಅಂದ್ರೆ ಬೀಜ ಇಲ್ದಿರೋ ಕಲ್ಲಂಗಡಿ ಮಾಡೋದು ಅದೇ ತಾನೇ? ಹಂಗಾದ್ರೆ ಕೆಡಿಸೋದೂ ಅದೇ ಬೆಳೆಸೋದೂ ಅದೇ.

ಲ್ಯಾಬ್_ಹುಡುಗ_ಜಿಕೆವಿಕೆ
ಹೂಂ ಅಣ್ಣ, ಕ್ರೋಮೋಸೋಮ್ ಡಬಲ್ ಮಾಡಿದ ಕಲ್ಲಂಗಡಿನ ಮಾಮೂಲಿ ಕಲ್ಲಂಗಡಿ ಜೊತೆ ಕ್ರಾಸ್ ಮಾಡಿದ್ರೆ ಬರೋ ಗಿಡದಲ್ಲಿ ಬೀಜ ಕಟ್ಟಲ್ಲ. ಪಾವಗಡದ ಕಡೆಯೋರು ಇದ್ರೆ ಟಿಎಜಿ-24 ಕಡಲೆಕಾಯಿ ಗೊತ್ತಿರುತ್ತೆ, ಅದು ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿ ತಳಿ, ವಿಕಿರಣ ಕೊಟ್ಟು ಪಡೆದ ಮ್ಯುಟೆಂಟುಗಳ, ಅಂದ್ರೆ ಜೀನ್ ಬದಲಾದ ಗಿಡಗಳ ಸಂತಾನ. ಆದ್ರೆ ಸಾವಿರಾರು ಗಿಡ ಕೆಡಿಸಿ ಅದರಲ್ಲಿ ಒಂದು ಚೆನ್ನಾಗಿರೋದು ಆರಿಸ್ತಾರೆ. ಡ್ರಮ್ಮಲ್ಲಿ ನಾಲ್ಕು ಔಷಧಿ ಕಲಸಿ ಹೊಡೆದ್ರೆ ಹೊಸ ತಳಿ ಹುಟ್ಟಲ್ಲ 😅

ವಡ್ಡಹಳ್ಳಿ_ಬಾಕ್ಸ್
ಮೇನ್ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಕೆಟ್ಟ ಜೀನು ಬೀಜಕ್ಕೆ ಹೋಗುತ್ತಾ ಇಲ್ವಾ? ಹಣ್ಣು ತಿಂದ್ರೆ ನಮಗೆ ಬರುತ್ತಾ? ಮಂಡಿಲಿ ಕೂತು ಬಾಕ್ಸು ಲೆಕ್ಕ ಹಾಕೋ ನಮಗೆ ಅದು ಬೇಕು.

ಬಾಟನಿ_ಮೇಡಂ_ಕೋಲಾರ
ಹಣ್ಣಿಂದು ಮೊದಲು. ಟೊಮೆಟೊ, ಬದನೆ, ಮೂಲಂಗಿ ಏನೇ ತಿಂದ್ರೂ ಅದರ ಡಿಎನ್‌ಎ ಹೊಟ್ಟೆಲಿ ಜೀರ್ಣ ಆಗುತ್ತೆ, ಚೆನ್ನಾಗಿರೋ ಡಿಎನ್‌ಎನೂ ಆಗುತ್ತೆ ಮುರಿದಿರೋದೂ ಆಗುತ್ತೆ. ಗಿಡದ ಜೀನ್ ಕೆಟ್ಟಿದೆ ಅಂತ ತಿಂದೋರ ಜೀನ್ ಕೆಡಲ್ಲ. ಹಣ್ಣಿನ ಮೇಲೆ ಉಳಿದಿರೋ ಔಷಧಿ ಬೇರೆ ವಿಷಯ, ಅದಕ್ಕೆ ಲೇಬಲ್ ಮೇಲೆ ಹೊಡೆದು ಎಷ್ಟು ದಿನ ಆದ್ಮೇಲೆ ಕೊಯ್ಬೇಕು ಅಂತ ಬರೆದಿರ್ತಾರೆ, ಅದನ್ನ ಮೀರಿ ಬೆಳಿಗ್ಗೆ ಹೊಡೆದು ಸಂಜೆ ಬಾಕ್ಸಿಗೆ ತುಂಬೋರು ಇದಾರೆ, ಮಂಡಿಯವರಿಗೆ ನಾನು ಹೇಳ್ಬೇಕಾ.

ಬೀಜಕ್ಕೆ ಬಂದ್ರೆ, ಬೇರಿನ ಕೋಶದಲ್ಲಿ ಏನಾದ್ರೂ ಅದು ಬೀಜಕ್ಕೆ ಹೋಗೋ ದಾರಿನೇ ಇಲ್ಲ. ಹೂ, ಪರಾಗ, ಬೀಜ ಎಲ್ಲಾ ಸುಳಿ ತುದಿಯ ಕೋಶಗಳಿಂದ ಬರೋದು. ಬಹಳ ಪೆಟ್ಟು ತಿಂದ ಕೋಶ ವಿಭಜನೆ ಆಗೋಕಾಗ್ದೆ ಸಾಯುತ್ತೆ, ಪಕ್ಕದ ಚೆನ್ನಾಗಿರೋ ಕೋಶ ಆ ಜಾಗ ತುಂಬುತ್ತೆ. ಸಣ್ಣ ಪೆಟ್ಟಿಗೆ ಗಿಡದಲ್ಲೇ ರಿಪೇರಿ ವ್ಯವಸ್ಥೆ ಇದೆ, ದಿನಾ ಬಿಸಿಲಲ್ಲಿ ನಿಲ್ಲೋದು ಅದು, ಅಲ್ಟ್ರಾವಯೊಲೆಟ್ ಕಿರಣದಿಂದ ಆಗೋ ಪೆಟ್ಟನ್ನ ಅವತ್ತವತ್ತೇ ಸರಿ ಮಾಡ್ಕೋಬೇಕು. ಸುಳಿ ಕೋಶಕ್ಕೇ ಬಿದ್ದು, ಕೋಶವೂ ಬದುಕಿ, ಆ ಭಾಗದಲ್ಲೇ ಹೂ ಕಟ್ಟಿದ್ರೆ ಮಾತ್ರ ಬೀಜಕ್ಕೆ ಹೋಗ್ಬಹುದು. ಜೊತೆಗೆ ಕೋಲಾರದಲ್ಲಿ ಟೊಮೆಟೊ ಬೀಜ ಮನೇಲಿ ಯಾರು ಇಡ್ತಾರೆ? ಪ್ರತಿ ಬೆಳೆಗೂ ನರ್ಸರಿಯಿಂದ ಹೈಬ್ರಿಡ್ ಸಸಿ ತರ್ತೀರ.

ನನ್ನ ಪ್ರಕಾರ ಹೆಚ್ಚು ಯೋಚ್ನೆ ಮಾಡ್ಬೇಕಾಗಿರೋದು ಮೊಗ್ಗಿನ ಟೈಮಿಗೆ. ಮೊಗ್ಗಿನೊಳಗೆ ಪರಾಗ ತಯಾರಾಗೋವಾಗ ಕ್ರೋಮೋಸೋಮ್ ಅರ್ಧ ಆಗೋ ವಿಭಜನೆ ನಡೀತಿರುತ್ತೆ, ಅದು ಬಹಳ ನಾಜೂಕು. ಆಗ ಹೆವಿ ಡೋಸ್ ಹೊಡೆದ್ರೆ ಪರಾಗ ಜೊಳ್ಳಾಗುತ್ತೆ, ಕಾಯಿ ಕಚ್ಚಲ್ಲ. ಹೂ ಉದುರೋದಕ್ಕೆ ಬಿಸಿಲು, ನೀರು, ಸಾರಜನಕ ಜಾಸ್ತಿ ಆಗೋದು ಎಲ್ಲಾ ಕಾರಣ ಇರುತ್ತೆ, ಅದರ ಜೊತೆ ಇದೂ ಒಂದು. ರೈತರು ಹೂ ಉದುರ್ತು ಅಂತ ಮತ್ತೆ ಟಾನಿಕ್ ತರ್ತಾರೆ.

ರೇಷ್ಮೆ_ಶಿಡ್ಲಘಟ್ಟ
ಮೇಡಂ ನಮ್ಮದು ಬೀಜದ ಬೆಳೆ ಅಲ್ಲ, ಹಿಪ್ಪುನೇರಳೆ ಕಡ್ಡಿ ನೆಟ್ಟು ಬೆಳೆಸೋದು, ಒಂದೇ ತೋಟದಿಂದ ಕಡ್ಡಿ ಊರಿಗೆಲ್ಲಾ ಹೋಗುತ್ತೆ. ದ್ರಾಕ್ಷಿನೂ ಹಂಗೇ. ನಮಗೆ ಸುಳಿ ಕೆಟ್ರೆ?

ದ್ರಾಕ್ಷಿ_ತೋಟ_ಚಿಕ್ಕಬಳ್ಳಾಪುರ
ಇದಕ್ಕೆ ನಾನು ಹೇಳ್ತೀನಿ. ಕಡ್ಡಿ ಬೆಳೆಲಿ ಒಂದು ಕಣ್ಣು ಬದಲಾದ್ರೆ ಆ ಕಣ್ಣಿಂದ ಬಂದ ಕೊಂಬೆ ಪೂರ್ತಿ ಬೇರೆ ಥರ ಇರುತ್ತೆ, ಕಡ್ಡಿ ನೆಟ್ರೆ ಅದು ಹಂಗೇ ಮುಂದುವರೀತದೆ. ಆದ್ರೆ ಅದು ಔಷಧಿ ಇಲ್ದೇನೂ ಆಗುತ್ತೆ. ನಮ್ಮ ಕಡೆ ದಿಲ್‌ಖುಷ್ ಬೆಳೀತೀವಲ್ಲ, ಅದು ಅನಾಬ್‌-ಎ-ಶಾಹಿಯಿಂದ ಆರಿಸ್ಕೊಂಡಿದ್ದೇ. ಕೆಟ್ಟದ್ದು ಬಂದ್ರೆ ಆ ಕೊಂಬೆ ಕಡ್ಡಿ ಯಾರೂ ತಗೊಳಲ್ಲ, ಒಳ್ಳೇದು ಬಂದ್ರೆ ಬೇಲಿ ಹಾರಿ ಬಂದು ಕದೀತಾರೆ.

ರೇಷ್ಮೆ_ಶಿಡ್ಲಘಟ್ಟ
😂 ನಿಜ. ನಮಗೆ ಅದಕ್ಕಿಂತ ದೊಡ್ಡ ಭಯ ಪಕ್ಕದೋರ ಸ್ಪ್ರೇ ಸೊಪ್ಪಿನ ಮೇಲೆ ಬೀಳೋದು, ಜೀನ್ ಕೆಡೋವರೆಗೂ ಕಾಯಲ್ಲ, ಹುಳ ಸಂಜೆಗೇ ತಲೆ ಎತ್ಕೊಂಡು ಹಸಿರು ವಾಂತಿ ಮಾಡ್ತಾವೆ.

ಔಷಧಿ_ಅಂಗಡಿ_ಚಿಂತಾಮಣಿ
ಎಲ್ಲಾ ಕೇಳ್ದೆ. ಅಂಗಡಿಯೋರು ಏನೋ ವಿಷ ಮಾರ್ತಿದೀವಿ ಅನ್ನೋ ಥರ ಮಾತಾಡ್ಬೇಡಿ. ಡಬ್ಬಿ ಮೇಲೆ ತ್ರಿಕೋನ ಇರುತ್ತೆ, ಕೆಂಪು ಅಂದ್ರೆ ಕಡು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ನಾವು ರೈತರಿಗೆ ನೀಲಿ ಹಸಿರೇ ಕೊಡೋದು, ಅದು ಸೇಫು.

ಲ್ಯಾಬ್_ಹುಡುಗ_ಜಿಕೆವಿಕೆ
ಅಣ್ಣ, ಇಲ್ಲೇ ನಂಗೆ ಸಿಟ್ಟು ಬರೋದು, ನಿಮ್ಮ ಮೇಲಲ್ಲ, ಈ ತ್ರಿಕೋನದ ಮೇಲೆ. ಆ ಬಣ್ಣ ಹೇಳೋದು ಬಾಯಿಗೆ ಹೋದ್ರೆ ಎಷ್ಟಕ್ಕೆ ಪ್ರಾಣ ಹೋಗುತ್ತೆ ಅನ್ನೋದನ್ನ, ಕ್ರೋಮೋಸೋಮಿಗೆ ಏನಾಗುತ್ತೆ ಅನ್ನೋದನ್ನಲ್ಲ. ಕಾರ್ಬೆಂಡಜಿಮ್ ಕುಡಿದ ತಕ್ಷಣ ಸಾಯಿಸೋ ಜಾತಿ ಅಲ್ಲ, ಹಂಗಾಗಿ ಕೆಂಪು ತ್ರಿಕೋನ ಬರಲ್ಲ. ಆದ್ರೆ ಯುರೋಪಿನವರು ಅದನ್ನ ಆನುವಂಶಿಕ ಹಾನಿ ಮಾಡಬಲ್ಲದ್ದು, ಗರ್ಭಕ್ಕೆ ಅಪಾಯ ಅನ್ನೋ ಪಟ್ಟಿಲಿ ಇಟ್ಟಿದಾರೆ, ಅಲ್ಲಿ ಬೆಳೆಗೆ ಹೊಡೆಯೋಕೆ ಅನುಮತಿನೂ ಇಲ್ಲ. ಅದರ ಅಣ್ಣ ಬೆನೋಮಿಲ್, ಗಿಡದೊಳಗೆ ಹೋದ್ಮೇಲೆ ಕಾರ್ಬೆಂಡಜಿಮ್ಮೇ ಆಗೋದು, ಅದನ್ನ ನಮ್ಮ ಕೇಂದ್ರ ಸರ್ಕಾರ 2018ರ ಆದೇಶದಲ್ಲಿ ಬ್ಯಾನ್ ಮಾಡ್ತು. 2020ರ ಮೇ ತಿಂಗಳಲ್ಲಿ 27 ಔಷಧಿ ಬ್ಯಾನ್ ಮಾಡ್ತೀವಿ ಅಂತ ಕರಡು ಹೊರಡಿಸಿದ್ರು, ಅದರಲ್ಲಿ ಕಾರ್ಬೆಂಡಜಿಮ್ಮೂ ಇತ್ತು ಮ್ಯಾಂಕೋಜೆಬ್ಬೂ ಇತ್ತು. ಮಾಲೂರು ಅಣ್ಣನ ಡ್ರಮ್ಮಲ್ಲಿ ಎರಡೂ ಇವೆ.

ಟೊಮೆಟೊ ಗಿಡ ನಾಲ್ಕು ತಿಂಗಳಿಗೆ ಮುಗಿದೋಗುತ್ತೆ. ಹೊಡೆಯೋ ಮನುಷ್ಯ ಬರಿಗೈಲಿ ಡ್ರಮ್ಮಿಗೆ ಕೈ ಹಾಕಿ ಕಲಸ್ತಾನೆ, ಅವನೂ ಜೀವಕೋಶದಿಂದಾನೇ ಆಗಿರೋನು, ಅವನ ಕೋಶದಲ್ಲೂ ಟ್ಯೂಬುಲಿನ್ ಇದೆ. ಔಷಧಿ ಹೊಡೆಯೋ ಕೆಲಸಗಾರರ ರಕ್ತದಲ್ಲಿ, ಕೆನ್ನೆ ಒಳಗಿನ ಕೋಶದಲ್ಲಿ ಮೇಡಂ ಹೇಳಿದ ಆ ಪುಟಾಣಿ ಚುಕ್ಕೆ ಎಣಿಸೋ ಅಧ್ಯಯನ ಬೇಕಾದಷ್ಟು ದೇಶದಲ್ಲಿ ಆಗಿವೆ, ಹಲವು ಕಡೆ ಜಾಸ್ತಿ ಕಂಡಿದೆ, ಕೆಲವು ಕಡೆ ಕಂಡಿಲ್ಲ, ಗ್ಲೌಸ್ ಹಾಕ್ಕೊಂಡೋರಲ್ಲಿ ಕಮ್ಮಿ ಅಂತನೂ ಬಂದಿದೆ. ವಾಟ್ಸಾಪ್ ಮೆಸೇಜಲ್ಲಿ ತಿನ್ನೋರ ಬಗ್ಗೆ ಇದೆ, ಹೊಡೆಯೋನ ಬಗ್ಗೆ ಒಂದು ಸಾಲೂ ಇಲ್ಲ.

ಹಳೇ_ರಾಗಿ
ನಾವು ಗಮ್ಯಾಕ್ಸಿನ್ ಅನ್ನೋ ಹುಳದ ಔಷಧಿ ಪುಡೀನ ಗೋಣಿಚೀಲದಲ್ಲಿ ಕಟ್ಟಿ ಕೈಯಲ್ಲೇ ಎರಚಿದೋರು. ಆವಾಗ ಗ್ಲೌಸು ಅಂದ್ರೆ ಡಾಕ್ಟರು ಹಾಕ್ಕೊಳೋದು ಅಷ್ಟೇ ಗೊತ್ತಿದ್ದಿದ್ದು. ಈಗಿನ ಹುಡುಗ್ರು ಗೊತ್ತಿದ್ದೂ ಹಾಕ್ಕೊಳಲ್ಲ, ಬಿಸಿಲಿಗೆ ಬೆವರುತ್ತಂತೆ.

ಔಷಧಿ_ಅಂಗಡಿ_ಚಿಂತಾಮಣಿ
ಗ್ಲೌಸ್ ಫ್ರೀ ಕೊಟ್ರೂ ತಗೊಂಡೋಗಲ್ಲ ತಾತ, ನಾನು ನೋಡಿದೀನಿ. ತ್ರಿಕೋನದ ವಿಷಯ ಮಾತ್ರ ನಂಗೂ ಯಾರೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ, ಲೈಸೆನ್ಸ್ ಟ್ರೈನಿಂಗಲ್ಲಿ ಬಣ್ಣ ಬಾಯಿಪಾಠ ಮಾಡಿಸ್ತಾರೆ ಅಷ್ಟೇ.

ವಡ್ಡಹಳ್ಳಿ_ಬಾಕ್ಸ್
ನರ್ಸರಿ ಬಗ್ಗೆ ಒಂದು ಕೇಳ್ಬೇಕಿತ್ತು. ಸಸಿ ನಾಟಿಗೆ ಮುಂಚೆ ಟ್ರೇ ಸಮೇತ ಔಷಧಿ ನೀರಲ್ಲಿ ಅದ್ದಿ ಕೊಡ್ತಾರಲ್ಲ, ಅದು ಮೇಡಂ ಲ್ಯಾಬಲ್ಲಿ ಮಾಡೋದಕ್ಕೆ ಹೆಚ್ಚು ಕಮ್ಮಿ ಒಂದೇ ಅಲ್ವಾ? ಬೇರೇ ನೆನೀತಿದೆ.

ಬಾಟನಿ_ಮೇಡಂ_ಕೋಲಾರ
ಭೇಷ್! ಇಷ್ಟೊತ್ತೂ ನಾವು ಹೊಲದ ಬಗ್ಗೆ ಮಾತಾಡ್ತಿದ್ವಿ, ಲ್ಯಾಬಿಗೆ ಹತ್ತಿರ ಇರೋದು ನರ್ಸರಿನೇ. ಹೇಳಿದ ಅಳತೆಲಿ ಹೇಳಿದಷ್ಟು ಹೊತ್ತು ಅದ್ದಿದ್ರೆ ಬೇರು ಚೇತರಿಸ್ಕೊಳುತ್ತೆ. ಒಂದು ಮಗ್ಗು ಜಾಸ್ತಿ ಇರ್ಲಿ ಅಂತ ಹಾಕಿ, ಅದೇ ನೀರಿಗೆ ಮತ್ತೆ ಮತ್ತೆ ಪುಡಿ ಸುರಿದು ರಾತ್ರಿವರೆಗೂ ಟ್ರೇ ಅದ್ದೋದು ಇದೆಯಲ್ಲ, ಅಲ್ಲಿ ಬೇರಿನ ತುದಿ ಕೋಶ ವಿಭಜನೆ ನಿಧಾನ ಆಗಿ ಸಸಿ ಮಂಕಾಗುತ್ತೆ. ಹೊಲಕ್ಕೆ ಬಂದ್ಮೇಲೆ ಹದಿನೈದು ದಿನ ಮೇಲೇಳ್ದೇ ಇರೋ ಸಸಿನ ಕಿತ್ತು ಬೇರು ನೋಡಿ. ಬೆಳ್ಳಗೆ ಚೂಪಾಗಿರೋ ಹೊಸ ತುದಿ ಇದ್ರೆ ಸರಿ. ಕಂದು ಬಣ್ಣ, ಮೊಂಡು ತುದಿ ಇದ್ರೆ ನರ್ಸರಿಯವರ ಜೊತೆ ಮಾತಾಡಿ. ಬೀಜೋಪಚಾರಕ್ಕೆ ಕೆಜಿ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಅಂದ್ರೆ 2 ಗ್ರಾಮೇ, ಕೈ ಅಂದಾಜು ಅಲ್ಲ.

ಮಾಲೂರು_ಟೊಮೆಟೊ
ಅಪ್‌ಡೇಟ್ ಕೊಡ್ತೀನಿ. ಚಿಕ್ಕಪ್ಪನ ಕೇಳ್ದೆ, ರಾಗಿಗೆ ಟೂಫೋರ್‌ಡಿನೇ ಹೊಡ್ದಿದಾರೆ, ದ್ರವ, ಅದೇ ಎಸ್ಟರ್ರು. ಜಗಳ ಆಗ್ಲಿಲ್ಲ, ನಂಗೇನ್ ಗೊತ್ತಪ್ಪಾ ಗಾಳಿ ಎತ್ತ ಬೀಸುತ್ತೆ ಅಂತ ಅಂದ್ರು. ಬದಿನ ಮೇಲಿನ ಪಾರ್ಥೇನಿಯಮ್ಮೂ ಅಣ್ಣೆಸೊಪ್ಪೂ ಹಂಗೇ ತಿರುಚ್ಕೊಂಡು ನಿಂತಿವೆ, ನಾನು ಅದನ್ನ ನೋಡೇ ಇರ್ಲಿಲ್ಲ. ಮೂಡಲ ಕಡೆ ಸಾಲಲ್ಲಿ ಹೊಸ ಚಿಗುರು ನೆಟ್ಟಗೆ ಬರ್ತಿದೆ. ಪಡುವಣ ಬದಿಯ ನಾಲ್ಕು ಸಾಲು ಕಾಯಿ ಕಟ್ಟೋದು ಡೌಟು. ಅಪ್ಪ ಕೀಳೋದು ಬೇಡ ಅಂದ್ರು, ಅಷ್ಟು ಸಾಕು.

ದ್ರಾಕ್ಷಿ_ತೋಟ_ಚಿಕ್ಕಬಳ್ಳಾಪುರ
ಬದಿ ಉದ್ದಕ್ಕೂ ಸಜ್ಜೆನೋ ಜೋಳಾನೋ ಎರಡು ಸಾಲು ಒತ್ತಾಗಿ ಹಾಕಿ ಅಣ್ಣ, ಗಾಳಿ ತಡೆಯುತ್ತೆ. ಚಿಕ್ಕಪ್ಪನಿಗೆ ಮುಂದಿನ ಸಲ ಸೋಡಿಯಂ ಉಪ್ಪಿಂದು ತಗೊಳಿ, ಬೆಳಿಗ್ಗೆ ಗಾಳಿ ಏಳೋ ಮುಂಚೆ ಹೊಡೀರಿ ಅನ್ನಿ. ಇಲ್ಲಾಂದ್ರೆ ಎಡೆಕುಂಟೆ ಹೊಡೆಯೋಕೆ ನೀವೇ ಹೋಗಿ, ಸಂಬಂಧನೂ ಉಳಿಯುತ್ತೆ.

ಸಾವಯವ_ಗುಬ್ಬಿ
ಇನ್ನೊಂದು ವಿಷಯ ಕೇಳ್ತೀನಿ, ಕೋಲಾರದೋರೇ ಹೇಳಿ. 2018ರಿಂದ ಕೆಸಿ ವ್ಯಾಲಿ ನೀರು ನಿಮ್ಮ ಕೆರೆಗೆ ಬರ್ತಿದೆ, ಬೆಂಗಳೂರಿನ ಚರಂಡಿ ನೀರು ಎರಡು ಹಂತ ಶುದ್ಧೀಕರಣ ಮಾಡಿ ಬಿಡೋದು, ಮೂರನೇ ಹಂತ ಬೇಕು ಅಂತ ಹೋರಾಟ ನಡೀತಾನೇ ಇದೆ. ಆ ನೀರನ್ನ ಈ ಈರುಳ್ಳಿಗೆ ಹಾಕಿ ನೋಡ್ಬಹುದಲ್ಲ ಮೇಡಂ?

ಬಾಟನಿ_ಮೇಡಂ_ಕೋಲಾರ
ನೋಡ್ಬಹುದು, ಈ ಪರೀಕ್ಷೆ ಹೆಚ್ಚು ಬಳಕೆಯಾಗೋದೇ ಚರಂಡಿ, ಫ್ಯಾಕ್ಟರಿ ನೀರಿಗೆ. ಆದ್ರೆ ಈರುಳ್ಳಿ ಬೇರು ನೀರಲ್ಲಿ ಏನೋ ಇದೆ ಅಂತ ಹೇಳುತ್ತೆ, ಏನಿದೆ ಅಂತ ಹೇಳಲ್ಲ. ಅದಕ್ಕೆ ಬೇರೆ ಲ್ಯಾಬೇ ಬೇಕು. ಮೂರನೇ ಸೆಮಿಸ್ಟರ್ ಮಕ್ಕಳ ಪ್ರಾಜೆಕ್ಟಿಗೆ ಇದನ್ನೇ ಇಟ್ಕೋಬಹುದು ಅಂತ ಅನ್ನಿಸ್ತಿದೆ. ಕೆರೆ ನೀರು, ಕೆರೆ ಪಕ್ಕದ ತೆರೆದ ಬಾವಿ ನೀರು, ಮಾಲೂರು ಅವರ ಡ್ರಮ್ಮಿನ ಮಿಕ್ಸು ಹೊಡೆಯೋ ಅಳತೆಲಿ ಒಂದು, ಅದನ್ನೇ ಹತ್ತು ಪಟ್ಟು ತೆಳ್ಳಗೆ ಮಾಡಿ ಒಂದು.

ರೇಷ್ಮೆ_ಶಿಡ್ಲಘಟ್ಟ
ಈರುಳ್ಳಿ ನಾನು ಕೊಡ್ತೀನಿ ಮೇಡಂ, ನಮ್ಮಲ್ಲಿ ರೋಸ್ ಈರುಳ್ಳಿ ಇದೆ, ಔಷಧಿ ಹೊಡೀದೇ ಮನೆಗೆ ಅಂತ ಬೆಳೆದಿದ್ದು. ಆದ್ರೆ ಸಣ್ಣ ಗಡ್ಡೆ, ಆಗುತ್ತಾ?

ಬಾಟನಿ_ಮೇಡಂ_ಕೋಲಾರ
ಸಣ್ಣದೇ ಬೇಕು, ಟ್ಯೂಬ್ ಬಾಯಿ ಮೇಲೆ ಸರಿಯಾಗಿ ಕೂರುತ್ತೆ. ಎಲ್ಲಾ ಒಂದೇ ಗಾತ್ರದ್ದು, ಮೊಳಕೆ ಬಂದಿರ್ಬಾರ್ದು. ನನಗಿರೋ ತಲೆನೋವು ಹೋಲಿಸೋಕೆ ಒಳ್ಳೇ ನೀರು ಎಲ್ಲಿಂದ ತರೋದು ಅನ್ನೋದು. ಕಾಲೇಜಿನ ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಅದನ್ನ ಒಳ್ಳೇ ನೀರು ಅಂತ ಇಟ್ರೆ ಲೆಕ್ಕವೇ ತಪ್ಪುತ್ತೆ, ಆರ್‌ಓ ನೀರಲ್ಲಿ ಲವಣ ಪೂರ್ತಿ ಹೋಗಿರುತ್ತೆ, ಅದರಲ್ಲಿ ಬೇರು ಅಷ್ಟು ಖುಷಿಯಾಗಿ ಬರಲ್ಲ. ಮಳೆ ನೀರು ಹಿಡಿದಿಟ್ಟಿರೋರು ಯಾರಾದ್ರೂ ಇದಾರಾ ಕೋಲಾರದ ಹತ್ತಿರ? ಅದಕ್ಕೆ ಸ್ವಲ್ಪ ಕ್ಯಾಲ್ಸಿಯಂ ಮೆಗ್ನೀಷಿಯಂ ಉಪ್ಪು ನಾವೇ ಸೇರಿಸ್ಕೋತೀವಿ.

ಹಳೇ_ರಾಗಿ
ನಮ್ಮನೆ ಸಂಪಲ್ಲಿ ಐತೆ, ಹೆಂಚಿನ ಮನೆ ನೀರು, ಮೊದಲ ಮಳೆದು ಬಿಟ್ಟು ಹಿಡಿದಿರೋದು. ಎಷ್ಟು ಬೇಕು? ಕ್ಯಾನಲ್ಲಿ ತುಂಬಿ ಬಸ್ಸಿಗೆ ಹಾಕಿಸ್ತೀನಿ, ಆದ್ರೆ ಔಷಧಿ ಕ್ಯಾನಲ್ಲ, ಹೊಸಾದು ತಗೊಂಡೇ ಹಾಕಿಸ್ತೀನಿ.

ಬಾಟನಿ_ಮೇಡಂ_ಕೋಲಾರ
ಹತ್ತು ಲೀಟರ್ ಆದ್ರೆ ಸಾಕು ಅಪ್ಪಾಜಿ. ಸೋಮವಾರ ಕಾಲೇಜು ಇದೆ, ಬಸ್ ನಂಬರು ಮೆಸೇಜ್ ಮಾಡಿ, ಹುಡುಗರನ್ನ ಸ್ಟ್ಯಾಂಡಿಗೆ ಕಳಿಸ್ತೀನಿ. ಮಾಲೂರು ಅವರೇ, ಡ್ರಮ್ಮಿನ ಮಿಕ್ಸು ಕಲಸಿದ್ದು ತರೋದು ಬೇಡ, ಪ್ಯಾಕೆಟ್ಟುಗಳ ಫೋಟೋ ಮತ್ತೆ ಎಷ್ಟು ಲೀಟರಿಗೆ ಎಷ್ಟು ಹಾಕಿದ್ರಿ ಅನ್ನೋದು ಕಳಿಸಿ, ಆ ಟಾನಿಕ್ಕಿನ ಬಾಟಲಿದೂ ಸೇರಿಸಿ.

ಮಾಲೂರು_ಟೊಮೆಟೊ
ಟಾನಿಕ್ಕಿನ ಬಾಟಲಿ ಮೇಲೆ ಲೇಬಲ್ಲೇ ಇಲ್ಲ ಮೇಡಂ.